ಫಾಸ್ಟ್ಯಾಗ್ ವಾರ್ಷಿಕ ಪಾಸ್: ದೂರದ ದಾರಿಗಳಲ್ಲಿ ಬಳಸಿ ನೋಡಿದ ಮೇಲೆ

ಬಿಡುವು ಸಿಕ್ಕಾಗಲೆಲ್ಲ ಬೆಂಗಳೂರಿನಿಂದ ಕಾರು ಹೊರಡಿಸಿ ಹುಬ್ಬಳ್ಳಿಯ ಕಡೆಗೋ ಕರಾವಳಿಗೋ ಹೋಗುವವರಿಗೆ ಈ ಪಾಸ್ ಲಾಭದ ಬಾಬತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಕಾರು ತೆಗೆಯುವುದು ಊರು ಮುಟ್ಟುವುದಕ್ಕಿಂತ ಹೆಚ್ಚಾಗಿ ದಾರಿ ನೋಡಲಿಕ್ಕೆ. ಆ ಲೆಕ್ಕದಲ್ಲಿ ಪಾಸ್ ಮೇಲೆ ನನ್ನದೊಂದು ತಕರಾರೂ ಇದೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಗೇಟಿಗೊಮ್ಮೆ ಟೋಲ್ ಕಟ್ಟುವ ಬದಲು ಒಮ್ಮೆಗೇ ಹಣ ಕಟ್ಟಿಬಿಡುವ ಪಾಸ್ ಇದು. 2025ರ ಆಗಸ್ಟ್ 15ರಂದು ಜಾರಿಗೆ ಬಂದಾಗ ಇದರ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ ಊರ್ಜಿತ. ಒಂದು ಟೋಲ್ ಗೇಟ್ ದಾಟಿದರೆ ಒಂದು ಟ್ರಿಪ್. ಅದೇ ಗೇಟಿನಲ್ಲಿ ಮರಳಿ ಬಂದರೆ ಇನ್ನೊಂದು. ಹೊಸ ಟ್ಯಾಗ್ ಬೇಕಿಲ್ಲ, ಗಾಜಿಗೆ ಅಂಟಿಸಿರುವ ಹಳೆಯದಕ್ಕೇ ರಾಜಮಾರ್ಗಯಾತ್ರಾ ಆ್ಯಪ್‌ನಲ್ಲಿ ಸೇರಿಸಿಕೊಳ್ಳಬಹುದು. ಬಿಳಿ ಬೋರ್ಡಿನ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ಹಳದಿ ಬೋರ್ಡಿನ ಬಾಡಿಗೆ ಕಾರಿನಲ್ಲಿ ಪ್ರವಾಸ ಹೋಗುವವರಿಗೆ ಇದರಿಂದ ಪ್ರಯೋಜನವಿಲ್ಲ.

ಗೇಟೊಂದಕ್ಕೆ 15 ರೂಪಾಯಿ ಬಿತ್ತು. ಇದರ ಬೆಲೆ ತಿಳಿಯಬೇಕಾದರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹುಬ್ಬಳ್ಳಿಗೆ ಹೋಗಿ ಬರಬೇಕು. ಹಿರಿಯೂರಿನ ಹತ್ತಿರ ಗುಯಿಲಾಳು, ದಾವಣಗೆರೆಗೆ ಮುಂಚೆ ಹೆಬ್ಬಾಳು, ರಾಣೆಬೆನ್ನೂರಿನ ಬಳಿ ಚಳಗೇರಿ, ಹಾವೇರಿ ದಾಟಿದ ಮೇಲೆ ಬಂಕಾಪುರ, ಹೀಗೆ ಗೇಟುಗಳ ಮೇಲೆ ಗೇಟು. ಮೊದಲು ಪ್ರತಿ ಗೇಟಿನಾಚೆ ಮೊಬೈಲ್ ಗುಂಯ್ ಎಂದಾಗ ಎಷ್ಟು ಹೋಯಿತೆಂದು ನೋಡುವ ಚಾಳಿಯಿತ್ತು. ಈಗ ಆ ಕಿರಿಕಿರಿ ಇಲ್ಲ. ಶಿರಾ ಸುತ್ತಿನ ಶೇಂಗಾ ಹೊಲಗಳು, ಚಿತ್ರದುರ್ಗದಲ್ಲಿ ಬಂಡೆಗುಡ್ಡಗಳ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು, ಹರಿಹರದಲ್ಲಿ ತುಂಗಭದ್ರೆ, ಅಲ್ಲಿಂದ ಮುಂದೆ ಮೆಕ್ಕೆಜೋಳ, ಹತ್ತಿ, ಕಪ್ಪು ಮಣ್ಣು. ಒಂದೇ ಹಗಲಿನಲ್ಲಿ ನೆಲದ ಬಣ್ಣ ಇಷ್ಟು ಬದಲಾಗುವ ದಾರಿಯನ್ನು ಬರೀ ವೇಗದ ರಸ್ತೆ ಎಂದು ಕಡೆಗಣಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ತಕರಾರು. ಪಾಸ್ ಬಂದ ಮೇಲೆ ಕಾರು ಹೆದ್ದಾರಿ ಬಿಟ್ಟು ಕೆಳಗಿಳಿಯಲು ಒಪ್ಪುವುದಿಲ್ಲ. ಹಣ ಕಟ್ಟಿಯಾಗಿದೆ, ಬಳಸಿಕೊಳ್ಳೋಣ ಎಂಬ ಲೋಭ. ಬೈಪಾಸ್ ಹಿಡಿದರೆ ದಾವಣಗೆರೆಯ ಬೆಣ್ಣೆ ದೋಸೆ ಕೈತಪ್ಪುತ್ತದೆ. ಮೋಟೆಬೆನ್ನೂರಿನಲ್ಲಿ ತಿರುಗಿದರೆ ಬ್ಯಾಡಗಿ ಕೂಗಳತೆಯಲ್ಲಿದೆ. ಸುಗ್ಗಿಯಲ್ಲಿ ಅಲ್ಲಿಯ ಮೆಣಸಿನಕಾಯಿ ಮಾರುಕಟ್ಟೆಯ ಕಡೆ ಗಾಜು ಇಳಿಸಿದರೆ ಸಾಕು, ಕಾರಿನಲ್ಲಿದ್ದವರೆಲ್ಲ ಸಾಲಾಗಿ ಸೀನುತ್ತೇವೆ. ನನ್ನ ಹೆಂಡತಿ ಈಗ ಹೊರಡುವ ಮುನ್ನವೇ ಷರತ್ತು ಹಾಕುತ್ತಾಳೆ: ದಾರಿಯಲ್ಲಿ ಒಂದಾದರೂ ಊರಿನೊಳಗೆ ಇಳಿಯಬೇಕು.

ಪಾಸೂ ನೋಟವೂ ಒಟ್ಟಿಗೆ ಸಿಗುವುದು ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ಹೊನ್ನಾವರದ ಶರಾವತಿ ಸೇತುವೆಯಿಂದ ದಕ್ಷಿಣಕ್ಕೆ ಬರುತ್ತ ಶಿರೂರು, ಸಾಸ್ತಾನ, ಹೆಜಮಾಡಿ ಗೇಟುಗಳಲ್ಲಿ ಪಾಸ್ ನಡೆಯುತ್ತದೆ. (ಈ ಶಿರೂರು ಬೈಂದೂರು ಕಡೆಯದು. 2024ರ ಜುಲೈಯಲ್ಲಿ ಗುಡ್ಡ ಕುಸಿದದ್ದು ಅಂಕೋಲಾ ಕಡೆಯ ಶಿರೂರಿನಲ್ಲಿ. ಕೇಳಿದವರೆಲ್ಲ ಎರಡನ್ನೂ ಕಲಸಿಕೊಳ್ಳುತ್ತಾರೆ.) ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಚತುಷ್ಪಥವಾದ ಮೇಲೆ ಅಲ್ಲಿ ಎಲ್ಲರೂ ಭರ್ರನೆ ದಾಟುತ್ತಾರೆ. ಸಂಜೆ ಹೊತ್ತಿಗೆ ಹೋಗಿ, ವಾಹನ ನಿಲ್ಲಿಸುವ ಜಾಗ ನೋಡಿಕೊಂಡು ಇಳಿಯಿರಿ.

ಹಿಂತಿರುಗುವಾಗ ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿ ಜೋಗದ ಕಡೆ ಬಂದರೆ ಶರಾವತಿ ಕಣಿವೆ, ದಟ್ಟ ಕಾಡು, ಅದೃಷ್ಟವಿದ್ದರೆ ಸಿಂಗಳೀಕ. ಅವಕ್ಕೆ ತಿಂಡಿ ಎಸೆಯಬೇಡಿ, ರಸ್ತೆಗೆ ಬಂದು ಸಾಯುತ್ತವೆ. ಆಗುಂಬೆಯ 14 ತಿರುವುಗಳನ್ನು ಹತ್ತಿದರೆ ಇನ್ನೊಂದೇ ಲೋಕ. ಈ ಘಾಟಿಗಳಲ್ಲಿ ಟೋಲ್ ಗೇಟು ಇಲ್ಲವಾದ್ದರಿಂದ ಪಾಸಿಗೂ ಕೆಲಸವಿಲ್ಲ. ನನ್ನ ಮಟ್ಟಿಗೆ ಪ್ರವಾಸದ ಸಾರವೆಲ್ಲ ಇರುವುದು ಇಂಥ ಕಡೆಯೇ, ಪಾಸ್ ಅಲ್ಲಿಗೆ ಬೇಗ ತಲುಪಿಸುತ್ತದೆ ಅಷ್ಟೆ.

ಬಳಸುವವರಿಗೆ ಕೆಲವು ಮಾತು. ರಾಜ್ಯ ಹೆದ್ದಾರಿಯ ಟೋಲ್‌ಗೂ ಬೆಂಗಳೂರಿನ ನೈಸ್ ರಸ್ತೆಗೂ ಪಾಸ್ ಅನ್ವಯಿಸುವುದಿಲ್ಲ. ಆದ್ದರಿಂದ ಟ್ಯಾಗ್ ಖಾತೆಯಲ್ಲಿ ಮಾಮೂಲಿ ಹಣವೂ ಇರಲಿ. ಒಮ್ಮೆ ಒಂದು ಗೇಟಿನಲ್ಲಿ ಟ್ರಿಪ್ ಕಳೆಯುವ ಬದಲು ಪೂರ್ತಿ ಶುಲ್ಕವೇ ಕಡಿತವಾಯಿತು. ಸಂದೇಶ ಓದುವ ಅಭ್ಯಾಸ ಬಿಟ್ಟವರಿಗೆ ಇದು ಗೊತ್ತೇ ಆಗುವುದಿಲ್ಲ. ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ ದೂರು ಕೊಟ್ಟೆ, ಹಣ ವಾಪಸ್ ಬಂತು. ಪಾಸನ್ನು ಇನ್ನೊಂದು ಕಾರಿಗೆ ವರ್ಗಾಯಿಸಲು ಬರುವುದಿಲ್ಲ, ನಮ್ಮ ಭಾವನ ಕಾರಿನಲ್ಲಿ ಹೋದ ದಿನ ನಮ್ಮ ಪಾಸ್ ಮನೆಯಲ್ಲೇ ನಿಂತಿತ್ತು. ಕೊಂಡ ಮೇಲೆ ಬೇಡವೆಂದರೆ ಹಣ ಮರಳಿ ಸಿಗುವುದಿಲ್ಲ.

ನಿಮ್ಮ ಮನೆ ಟೋಲ್ ಗೇಟಿನ ಪಕ್ಕದಲ್ಲಿದ್ದು ದಿನವೂ ಕೆಲಸಕ್ಕೆ ದಾಟುವುದಿದ್ದರೆ 200 ಟ್ರಿಪ್ ನಾಲ್ಕು ತಿಂಗಳೂ ಬರುವುದು ಅನುಮಾನ. ಅಂಥವರು ಸ್ಥಳೀಯರ ಮಾಸಿಕ ಪಾಸಿನ ದರ ವಿಚಾರಿಸಿ, ಎರಡನ್ನೂ ತೂಗಿ ನೋಡಲಿ. ವರ್ಷಕ್ಕೊಮ್ಮೆ ಜಾತ್ರೆಗೆ ಊರಿಗೆ ಹೋಗುವವರಿಗೆ ಬೇಡವೇ ಬೇಡ. ಹುಬ್ಬಳ್ಳಿ, ಮಂಗಳೂರು ಎಂದು ತಿರುಗುವ ನಮ್ಮಂಥವರು ಕೊಳ್ಳಬಹುದು. ಅವಧಿ ಮುಗಿದಾಗ ತಾನಾಗಿ ನವೀಕರಣ ಆಗುವುದಿಲ್ಲ, ನಾವೇ ಮತ್ತೆ ಹಣ ಕಟ್ಟಬೇಕು. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.