ಮಲೆನಾಡಿನ ಲಾರಿಗೆ ರಾಯಚೂರಿನ ಬಿಸಿಲು: ರೆಡಿಮಿಕ್ಸ್ ಕೂಲೆಂಟ್ ಹೇಗಿದೆ?

ಸಕಲೇಶಪುರದ ಕಡೆ ಕಾಫಿ, ಮೆಣಸು ಹೊರುತ್ತಿದ್ದ ನಮ್ಮ ಬಿಎಸ್-6 (ಹೊಗೆ ಕಮ್ಮಿ ಬಿಡುವ ಹೊಸ ನಿಯಮದ) ಲಾರಿ ಈಗ ಸಿಂಧನೂರಿನಿಂದ ರಾಯಚೂರಿನ ಮಿಲ್ಲುಗಳಿಗೆ ಭತ್ತ ಹೊರುತ್ತಿದೆ. ಇಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಅಂದ್ರೆ ಯಾರಿಗೂ ಅದು ಸುದ್ದಿಯೇ ಅಲ್ಲ. ಬಂದಾಗಿನಿಂದ ರೇಡಿಯೇಟರಿಗೆ ಹಾಕುತ್ತಿರುವುದು ರೆಡಿಮಿಕ್ಸ್ ಕೂಲೆಂಟ್, ಅಂದ್ರೆ ಎಂಜಿನ್ ತಣ್ಣಗಿಡುವ ದ್ರವ. ಅರ್ಧ ಎಥಿಲೀನ್ ಗ್ಲೈಕಾಲ್ (ಚಳಿಗೆ ನೀರು ಹೆಪ್ಪುಗಟ್ಟದಂತೆಯೂ ತಡೆಯುವ ರಾಸಾಯನಿಕ), ಅರ್ಧ ಶುದ್ಧ ನೀರು ಬೆರೆಸಿಯೇ ಕ್ಯಾನಿಗೆ ತುಂಬಿರುತ್ತಾರೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

"ಇಲ್ಲೇನ್ ಬರ್ಫ್ ಬೀಳ್ತದೇನ್ರಿ? ನೀರ್ ಹಾಕಿದ್ರ ಸಾಕ್ರಿ" ಎಂದು ಇಲ್ಲಿನ ಗ್ಯಾರೇಜುಗಳಲ್ಲಿ ಹೇಳುತ್ತಾರೆ. ನಾನು ಒಪ್ಪಲ್ಲ. ಕೂಲೆಂಟ್ ಕುದಿಯುವುದು ನೀರಿಗಿಂತ ಏಳೆಂಟು ಡಿಗ್ರಿ ಮೇಲೆ. ರೇಡಿಯೇಟರ್ ಮುಚ್ಚಳದ ಒತ್ತಡ ಸೇರಿದರೆ ಇನ್ನೂ ಮೇಲೆ. ಇನ್ನು ಬೋರ್ ನೀರು ಹಾಕಿದರಂತೂ ಸ್ನಾನದ ಹಂಡೆಯೊಳಗೆ ಕಟ್ಟಿದ ಹಾಗೆ ಬಿಳಿ ಪದರ ಕಟ್ಟುತ್ತದೆ. ತುಕ್ಕು ಬೇರೆ. ಹಾಗಂತ ನೀರು ಬೆರೆಸದ ಗಟ್ಟಿ ಕೂಲೆಂಟ್ ಸುರಿದರೆ ಇನ್ನೂ ಒಳ್ಳೆಯದು ಅಂತಲ್ಲ. ಶಾಖ ಹೊರುವುದರಲ್ಲಿ ಗ್ಲೈಕಾಲ್ ನೀರಿಗಿಂತ ಹಿಂದೆ.

ಒಂದು ಸ್ಟಾರ್ ಕಳೆದಿದ್ದು ಯಾಕೆ? ರೇಟು ಜಾಸ್ತಿ, ಹಳ್ಳಿ ಅಂಗಡಿಯಲ್ಲಿ ಸಿಗಲ್ಲ. ದಾರಿಯಲ್ಲಿ ಕಮ್ಮಿಯಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸ್ವಲ್ಪ ಹಾಕಿ ಮುಂದೆ ಹೋಗಬೇಕು. ಬಣ್ಣ ಒಂದೇ ಇದೆ ಅಂತ ಬೇರೆ ಕಂಪನಿಯದನ್ನು ಬೆರೆಸಬೇಡಿ.

ಆದರೆ ಕೂಲೆಂಟ್ ಎಷ್ಟೇ ಒಳ್ಳೆಯದಿದ್ದರೂ ಗಾಳಿ ಆಡದಿದ್ದರೆ ದಂಡ. ಸುಗ್ಗಿಯಲ್ಲಿ ಟೆಂಪರೇಚರ್ ಮುಳ್ಳು ದಿನೇ ದಿನೇ ಮೇಲೆ ಹತ್ತುತ್ತಿತ್ತು. ಮುಂದಿನಿಂದ ನೋಡಿದರೆ ಜಾಲರಿ ಚೊಕ್ಕವಾಗಿತ್ತು. ಇಂಟರ್‌ಕೂಲರ್ (ಎಂಜಿನ್ನಿಗೆ ಹೋಗುವ ಗಾಳಿ ತಣಿಸುವ ಭಾಗ) ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಟ್ಟಾಗ ಗೊತ್ತಾಯಿತು: ಭತ್ತದ ಹೊಟ್ಟು, ಧೂಳು, ಎಣ್ಣೆ ಜಿಡ್ಡು ಸೇರಿ ಕಂಬಳಿ ಹೊದಿಸಿದ್ದವು. ಫ್ಯಾನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಸಿದೆ. ಪ್ರೆಶರ್ ಗನ್ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಂಡು ದಾರಿ ಇನ್ನೂ ಮುಚ್ಚುತ್ತದೆ. ಮುಳ್ಳು ನಡುವಿಗೆ ಬಂತು. ಈಗ ಭತ್ತದ ಸೀಸನ್ನಿನಲ್ಲಿ ವಾರವಾರ ಟಾರ್ಚ್ ಬಿಟ್ಟು ನೋಡುತ್ತೇನೆ. ಅಂದ ಹಾಗೆ, ಇಲ್ಲಿ ಫ್ಯಾನ್ ಜೋರಾಗಿ ಹೊಯ್ ಅಂತ ತಿರುಗುವುದು ಜಾಸ್ತಿ. ಅದು ತೊಂದರೆಯಲ್ಲ. ಲೋಡಿನಲ್ಲಿ ಎಂಜಿನ್ ಕಾದರೂ ಸದ್ದೇ ಬರದಿದ್ದರೆ, ಬಿಸಿಯಾದಾಗ ಫ್ಯಾನ್ ಜೋರಾಗಿ ತಿರುಗಿಸುವ ಫ್ಯಾನ್ ಕ್ಲಚ್ ಅನ್ನು ಮೆಕ್ಯಾನಿಕ್‌ಗೆ ತೋರಿಸಿ.

ಎಂಜಿನ್ ಆಯಿಲ್ ಬದಲಿಸಲಿಲ್ಲ. ಬಿಸಿಲಿಗೆ ಇನ್ನೂ ಮಂದದ್ದು ಬೇಕು, "20ಡಬ್ಲ್ಯೂ-50 ಹಾಕ್ರಿ" ಅಂದವರು ತುಂಬಾ ಜನ. ನಾನು ಹಾಕುವ 15ಡಬ್ಲ್ಯೂ-40ರಲ್ಲಿರುವ 40 ಅನ್ನೋದು ಹೊರಗಿನ ಬಿಸಿಲಿನ ಲೆಕ್ಕ ಅಲ್ಲ, 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದ ಇರುತ್ತದೆ ಅನ್ನೋ ಲೆಕ್ಕ. ಬಿಎಸ್-6 ಗಾಡಿಯ ಡಿಪಿಎಫ್‌ಗೆ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಬೂದಿ ಕಮ್ಮಿ ಬಿಡುವ ಆಯಿಲ್ಲೇ ಬೇಕು. ಅದಕ್ಕೇ ಮ್ಯಾನುಯಲ್‌ನಲ್ಲಿ ಹೇಳಿದ ಸಿಕೆ-4 ದರ್ಜೆಯ ಆಯಿಲ್ ಮುಂದುವರಿಸಿದ್ದೇನೆ.

ಟೈರಿನ ಗಾಳಿ ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ನೋಡಿ. ಮಧ್ಯಾಹ್ನ ಜಾಸ್ತಿ ತೋರಿಸಿತು ಅಂತ ಗಾಳಿ ಇಳಿಸಬೇಡಿ. ಹೊಗೆ ಶುದ್ಧಿ ಮಾಡಲು ಹಾಕುವ ಡಿಇಎಫ್ ಯೂರಿಯಾ ದ್ರವದ ಕ್ಯಾನನ್ನು ತಾಡಪತ್ರಿ ಕೆಳಗೆ ಬಿಸಿಲಿಗೆ ಇಡಬೇಡಿ. 25 ಡಿಗ್ರಿಯಲ್ಲಿ ಒಂದೂವರೆ ವರ್ಷ ಬಾಳುವ ಮಾಲು 35 ಡಿಗ್ರಿಯಲ್ಲಿ ಆರು ತಿಂಗಳಿಗೆ ಇಳಿಯುತ್ತದೆ. ನಾನು ಬೇಸಿಗೆಯಲ್ಲಿ ಚಿಕ್ಕ ಕ್ಯಾನ್ ಮಾತ್ರ ತರುತ್ತೇನೆ. ಕೂಲೆಂಟ್ ಮಾತ್ರ ದೊಡ್ಡ ಕ್ಯಾನೇ ತರುವುದು, ಲೀಟರಿಗೆ ಅಗ್ಗ ಬೀಳುತ್ತದೆ.