ಎನ್‌ಕೋಡರ್ ಲೆಕ್ಕ ತಪ್ಪಿದಾಗ ಮೊದಲು ಪ್ರೋಗ್ರಾಮಿಗೆ ಕೈ ಹಾಕಬೇಡಿ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಚಾವಣಿ ಶೀಟುಗಳನ್ನು ಅಳತೆಗೆ ಕತ್ತರಿಸುವ ಯಂತ್ರದ ನಿರ್ವಹಣೆ ನನ್ನ ಹೊಣೆ. ಚಕ್ರದ ತಿರುಗುವಿಕೆಯನ್ನು ವಿದ್ಯುತ್ ಸಂಕೇತವಾಗಿಸುವ ರೋಟರಿ ಎನ್‌ಕೋಡರ್ ತಪ್ಪು ಲೆಕ್ಕ ಕೊಡುತ್ತಿದೆ ಎಂದು ಅನಿಸಿದ ಮೇಲೆ ನಿಜವಾದ ಕಾರಣ ಸಿಗುವಷ್ಟರಲ್ಲಿ ಹನ್ನೊಂದು ದಿನ ಕಳೆದವು, 140 ಶೀಟುಗಳು ಗುಜರಿಗೆ ಹೋದವು. ಎನ್‌ಕೋಡರ್ ಮಾತ್ರ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಇದೇ ಬಗೆಯ ಯಂತ್ರ ನಡೆಸುವವರು ಇದೇ ನಷ್ಟ ಅನುಭವಿಸಬಾರದೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಶೀಟಿನ ಮೇಲೆ ಉರುಳುವ ನಮ್ಮ ಅಳತೆ ಚಕ್ರದ ಸುತ್ತಳತೆ 500 ಮಿ.ಮೀ. ಅದಕ್ಕೆ ಜೋಡಿಸಿದ ಎನ್‌ಕೋಡರ್ ಒಂದು ಸುತ್ತಿಗೆ 1000 ಪಲ್ಸ್ (ವಿದ್ಯುತ್ ಮಿಡಿತ) ಕೊಡುತ್ತದೆ, ಅಂದರೆ ಒಂದು ಪಲ್ಸಿಗೆ ಅರ್ಧ ಮಿ.ಮೀ. ಯಂತ್ರವನ್ನು ನಿಯಂತ್ರಿಸುವ ಕಂಪ್ಯೂಟರಾದ ಪಿಎಲ್‌ಸಿಯ ಹೈಸ್ಪೀಡ್ ಕೌಂಟರ್ (ಪಲ್ಸ್ ಎಣಿಸುವ ಭಾಗ) 6000 ಎಣಿಸಿದರೆ 3000 ಮಿ.ಮೀ. ಶೀಟು, ಲೈನ್ ನಿಂತು, ಕೌಂಟರ್ ಸೊನ್ನೆಗೆ ಮರಳಿ, ಕತ್ತರಿ ಇಳಿಯುತ್ತದೆ. ಆದರೆ ಶೀಟುಗಳು ಒಮ್ಮೆ 2998, ಒಮ್ಮೆ 2995, ಇನ್ನೊಮ್ಮೆ 2991 ಮಿ.ಮೀ. ಬರತೊಡಗಿದವು.

ನಾನು ಮಾಡಿದ ಮೊದಲ ತಪ್ಪೆಂದರೆ ಕೊರತೆಯ ಸರಾಸರಿ ತೆಗೆದು ಪಲ್ಸುಗಳನ್ನು ಮಿ.ಮೀ.ಗೆ ಪರಿವರ್ತಿಸುವ ಪ್ರೋಗ್ರಾಮಿನ ಗುಣಕವನ್ನು ಬದಲಿಸಿದ್ದು. ಚಕ್ರ ಸವೆದಿದ್ದರೆ ಆ ಉಪಾಯ ಸರಿಯಾಗುತ್ತಿತ್ತು, ಏಕೆಂದರೆ ಸವೆತದ ವ್ಯತ್ಯಾಸ ಶೀಟಿನ ಉದ್ದಕ್ಕೆ ತಕ್ಕಂತೆ ಒಂದೇ ಪ್ರಮಾಣದಲ್ಲಿ ಬರುತ್ತದೆ. ನಮ್ಮದು ಶೀಟಿನಿಂದ ಶೀಟಿಗೆ ಬದಲಾಗುತ್ತಿತ್ತು. ಮರುದಿನ ಪಕ್ಕದ ಯಂತ್ರಕ್ಕೆ ರಜೆ ಇತ್ತು. ಅಂದು ನಮ್ಮ ಶೀಟುಗಳೆಲ್ಲ ಮೂರು ಮಿ.ಮೀ. ಉದ್ದವಾಗಿ ಬಂದವು. ಆ ಸುಳಿವನ್ನು ನಾನು ಆಗಲೇ ಹಿಡಿಯಬೇಕಿತ್ತು.

ಗುಣಕವನ್ನು ಹಿಂದಿನಂತೆಯೇ ಮಾಡಿ ಎನ್‌ಕೋಡರನ್ನೇ ಬದಲಿಸಿದೆ. ಅಂಗಡಿಯಿಂದ ಬಂದದ್ದರ ಶಾಫ್ಟಿನ ಗಾತ್ರ, ಕನೆಕ್ಟರ್, ವೋಲ್ಟೇಜು ಎಲ್ಲವೂ ಹೊಂದುತ್ತಿದ್ದವು, ಆದರೆ ಅದು ಸುತ್ತಿಗೆ 1024 ಪಲ್ಸಿನದು. ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿದ್ದ ಆ ಅಂಕಿಯನ್ನು ನಾನು ಓದಲಿಲ್ಲ. ಆಪರೇಟರ್ ಟೇಪು ಹಿಡಿಯುವ ಹೊತ್ತಿಗೆ 140 ಶೀಟುಗಳು 2930 ಮಿ.ಮೀ. ಆಸುಪಾಸಿಗೆ ಕತ್ತರಿಸಿ ಬಿದ್ದಿದ್ದವು. ಉದ್ದ ಬಂದ ಶೀಟನ್ನು ಮತ್ತೆ ಕತ್ತರಿಸಬಹುದು, ಗಿಡ್ಡ ಬಂದದ್ದನ್ನು ಏನೂ ಮಾಡಲಾಗದು.

ಹಳೆಯ ಎನ್‌ಕೋಡರನ್ನು ಮರಳಿ ಕೂರಿಸಿದೆವು. ಹೊರಗಿನಿಂದ ಬಂದ ತಂತ್ರಜ್ಞರೊಬ್ಬರು ಇನ್‌ಪುಟ್ ಫಿಲ್ಟರನ್ನು (ನಿಗದಿತ ಸಮಯಕ್ಕಿಂತ ಚಿಕ್ಕ ಸಂಕೇತಗಳನ್ನು ಕಡೆಗಣಿಸುವ ವ್ಯವಸ್ಥೆ) 0.4 ಮಿಲಿಸೆಕೆಂಡಿಗೆ ಏರಿಸಿದರು. ನಿಮಿಷಕ್ಕೆ 30 ಮೀಟರ್ ವೇಗದಲ್ಲಿ ಪಲ್ಸಿನ ಅರ್ಧಭಾಗ 0.5 ಮಿಲಿಸೆಕೆಂಡ್ ಇರುವುದರಿಂದ ಅದು ಫಿಲ್ಟರನ್ನು ದಾಟಿತು, ಅಳತೆಯೂ ಬಹುಮಟ್ಟಿಗೆ ಸುಧಾರಿಸಿತು. ಆದರೆ ತುರ್ತು ಆರ್ಡರಿಗಾಗಿ ವೇಗವನ್ನು 45 ಮೀಟರಿಗೆ ಹೆಚ್ಚಿಸಿದಾಗ ಅದೇ ಭಾಗ 0.33 ಮಿಲಿಸೆಕೆಂಡಿಗೆ ಇಳಿಯಿತು. ಪಿಎಲ್‌ಸಿಗೆ ಪಲ್ಸುಗಳೇ ಕಾಣದಾದವು, ಶೀಟು ನಿಲ್ಲದೆ ಹೊರಕ್ಕೆ ನುಗ್ಗಿತು; ಆಪರೇಟರ್ ತುರ್ತು ಗುಂಡಿ ಒತ್ತಿದ್ದರಿಂದ ಎದುರಿಗೆ ಶೀಟು ಎತ್ತಲು ನಿಂತಿದ್ದ ಹುಡುಗ ಉಳಿದುಕೊಂಡ. ಫಿಲ್ಟರ್ ಬದಲಿಸುವ ಮುನ್ನ ಯಂತ್ರದ ಗರಿಷ್ಠ ವೇಗಕ್ಕೆ ಈ ಲೆಕ್ಕವನ್ನು ದಯವಿಟ್ಟು ಮಾಡಿಕೊಳ್ಳಿ.

ಅಂದು ಸಂಜೆ ಫಿಲ್ಟರನ್ನು ಹಿಂದಿನಂತೆ ಮಾಡಿ, ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆಗೆ ಕುಳಿತೆ. ಮೇನ್ ಆಫ್ ಮಾಡಿ ಬೀಗ ಹಾಕಿ, ಕಂಟ್ರೋಲ್ ಸರಬರಾಜನ್ನಷ್ಟೇ ಉಳಿಸಿಕೊಂಡು, ಚಕ್ರದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಕೈಯಿಂದ ಹತ್ತು ಸುತ್ತು ತಿರುಗಿಸಿದೆ. ಎಣಿಕೆ ಸರಿಯಾಗಿ 10000 ಬಂತು. ಹತ್ತು ಸುತ್ತು ಹಿಂದಕ್ಕೆ ತಿರುಗಿಸಿದಾಗ ಅದು ಸೊನ್ನೆಗೆ ಬರಬೇಕಿತ್ತು, 20000 ಆಯಿತು. ಟರ್ಮಿನಲ್ ನೋಡಿದರೆ ದಿಕ್ಕು ತಿಳಿಯಲೆಂದು ಎನ್‌ಕೋಡರ್ ಕೊಡುವ ಎರಡು ಸಂಕೇತಗಳಲ್ಲಿ ಎ ಫೇಸ್ ಮಾತ್ರ ಜೋಡಣೆಯಾಗಿತ್ತು, ಬಿ ಫೇಸಿನ ತಂತಿಯನ್ನು ಮಡಚಿ ಟೇಪು ಸುತ್ತಿ ಇಟ್ಟಿದ್ದರು. ದಿಕ್ಕು ತಿಳಿಯದ ಕೌಂಟರ್, ಕತ್ತರಿ ಬಡಿದಾಗ ಶೀಟು ಹಿಂದೆ ಮುಂದೆ ಅಲುಗುವುದನ್ನೂ ಮುಂದಿನ ಶೀಟಿನ ಲೆಕ್ಕಕ್ಕೆ ಕೂಡಿಸುತ್ತಿತ್ತು.

ಉಳಿದ ವ್ಯತ್ಯಾಸಕ್ಕೆ ಕಾರಣ ಬೇರೆ. ನಮ್ಮ ಲೈನ್ ನಿಲ್ಲಿಸಿ, ಚಕ್ರವನ್ನು ಶೀಟಿನಿಂದ ಮೇಲೆತ್ತಿ ಕಟ್ಟಿ, ಪಕ್ಕದ ಯಂತ್ರದ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಚಾಲೂ ಮಾಡಿಸಿದೆ. ಅಲುಗದ ಚಕ್ರಕ್ಕೆ ಪರದೆಯ ಮೇಲೆ 3, 7, 11 ಎಂದು ಅಂಕಿ ಏರತೊಡಗಿತು. ಎನ್‌ಕೋಡರ್ ಕೇಬಲ್ಲು ಆ ಮೋಟಾರಿನ ಕೇಬಲ್ಲಿನ ಜೊತೆಗೇ ಒಂದೇ ಟ್ರೇಯಲ್ಲಿ ಹದಿನೆಂಟು ಮೀಟರ್ ಹಾದುಬಂದಿತ್ತು. ಮಧ್ಯದ ಜಂಕ್ಷನ್ ಬಾಕ್ಸಿನಲ್ಲಿ ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಹೊದಿಕೆಯಾದ ಶೀಲ್ಡ್ ಕತ್ತರಿಸಿ ಹೋಗಿತ್ತು. ಡ್ರೈವಿನ ಸ್ವಿಚಿಂಗ್‌ನಿಂದ ಹುಟ್ಟುವ ಆ ಗದ್ದಲವನ್ನು ಪಿಎಲ್‌ಸಿ ಪಲ್ಸೆಂದು ಎಣಿಸುತ್ತಿತ್ತು.

ಜೋಡಿ ತಂತಿ ಹೆಣೆದ ಶೀಲ್ಡ್ ಕೇಬಲ್ಲನ್ನು ನಡುವೆ ತುಂಡಿಲ್ಲದೆ ಬೇರೆ ಟ್ರೇಯಲ್ಲಿ ಎಳೆದೆವು. ಶೀಲ್ಡನ್ನು ಬಾಲದಂತೆ ಹೊಸೆಯದೆ, ಸುತ್ತಲೂ ಕಚ್ಚುವ ಕ್ಲ್ಯಾಂಪಿನಿಂದ ಪ್ಯಾನೆಲ್ಲಿನ ಅರ್ಥಿಂಗಿಗೆ ಸೇರಿಸಿದೆವು. ಎ, ಬಿ ಎರಡನ್ನೂ ಜೋಡಿಸಿ ಕೌಂಟರನ್ನು ಎರಡೂ ಸಂಕೇತಗಳಿಂದ ದಿಕ್ಕನ್ನೂ ತಿಳಿಯುವ ಕ್ವಾಡ್ರೇಚರ್ ವಿಧಾನಕ್ಕೆ ಬದಲಿಸಿದೆವು. ನಾಲ್ಕುಪಟ್ಟು ಎಣಿಸುವ ಆಯ್ಕೆಯಲ್ಲಿ ಒಂದು ಸುತ್ತಿಗೆ 4000 ಆಗುವುದರಿಂದ ಗುಣಕವನ್ನು ಅದಕ್ಕೆ ತಕ್ಕಂತೆ ತಿದ್ದಬೇಕು. ಇನ್ನೂ ದೂರದ ಕೇಬಲ್ ಇರುವವರು ಲೈನ್ ಡ್ರೈವರ್ ಎನ್‌ಕೋಡರ್ ಹಾಕಬಹುದು, ಆದರೆ ಅದರ 5 ವೋಲ್ಟ್ ಡಿಫರೆನ್ಷಿಯಲ್ (ಎರಡು ತಂತಿಗಳ ನಡುವಿನ ವ್ಯತ್ಯಾಸದಿಂದ ತಿಳಿಯುವ) ಸಂಕೇತವನ್ನು 24 ವೋಲ್ಟ್ ಇನ್‌ಪುಟ್ಟಿಗೆ ನೇರವಾಗಿ ಕೊಡಬಾರದು. ಅದಕ್ಕೆ ತಕ್ಕ ಮಾಡ್ಯೂಲ್ ಬೇಕು.

ಈಗ ಶೀಟುಗಳು ಒಂದು ಮಿ.ಮೀ. ಒಳಗಿನ ವ್ಯತ್ಯಾಸದಲ್ಲಿ ಬರುತ್ತಿವೆ. ಎನ್‌ಕೋಡರಿನ ಪಲ್ಸ್ ಸಂಖ್ಯೆ, ಚಕ್ರದ ಸುತ್ತಳತೆ, ಫಿಲ್ಟರ್ ಸಮಯ ಮತ್ತು ಗುಣಕವನ್ನು ಪ್ಯಾನೆಲ್ ಬಾಗಿಲಿನ ಒಳಗೆ ಬರೆದು ಅಂಟಿಸಿದ್ದೇನೆ.