ತಾರಸಿ ಮೇಲಿನ ರೇಡಿಯೋಗೆ ಸರ್ಜ್ ಪ್ರೊಟೆಕ್ಟರೋ, ಫೈಬರೋ?

ಚಿಕ್ಕಬಳ್ಳಾಪುರದ ಕಡೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಗೊತ್ತಲ್ವಾ? ತೋಟದ ಮನೆಗೆ ವೈರ್‌ಲೆಸ್ ಇಂಟರ್ನೆಟ್ ಲಿಂಕ್ ಹಾಕಿಸುವವರು, ತಾರಸಿ ಅಥವಾ ಕಂಬದ ಮೇಲಿನ ರೇಡಿಯೋವನ್ನು (ಸಿಗ್ನಲ್ ಹಿಡಿಯುವ ಸಾಧನ) ಸಿಡಿಲಿನಿಂದ ಕಾಪಾಡುವುದು ಹೇಗೆ ಅಂತ ಅದಕ್ಕೂ ಮುಂಚೆ ಯೋಚಿಸಬೇಕು.

ಈಥರ್ನೆಟ್ (ತಾಮ್ರದ ನೆಟ್‌ವರ್ಕ್ ಕೇಬಲ್) ಸರ್ಜ್ ಪ್ರೊಟೆಕ್ಟರ್ ಅಗ್ಗ. ಒಂದು ರೇಡಿಯೋ ಪಕ್ಕ, ಇನ್ನೊಂದು ಕೇಬಲ್ ಮನೆಯೊಳಗೆ ಬರುವಲ್ಲಿ. ಅದು ಜಾಸ್ತಿ ವೋಲ್ಟೇಜನ್ನು ಅರ್ತಿಂಗ್‌ಗೆ ಇಳಿಸುತ್ತದೆ. ಅರ್ತಿಂಗ್ ಇಲ್ಲದಿದ್ದರೆ ಸುಮ್ನೆ ಒಂದು ಡಬ್ಬಿ. ಕಂಬಕ್ಕೆ ಬೇರೆ ಅರ್ತಿಂಗ್ ರಾಡ್ ಹೊಡೆದರೆ ಅದನ್ನು ಮನೆಯ ಅರ್ತಿಂಗ್‌ಗೂ ದಪ್ಪ ತಾಮ್ರದ ತಂತಿಯಲ್ಲಿ ಸೇರಿಸಿ. ಇಲ್ಲವಾದರೆ ಹತ್ತಿರ ಸಿಡಿಲು ಬಿದ್ದಾಗ ಎರಡು ಅರ್ತಿಂಗ್‌ಗಳ ನಡುವಿನ ವೋಲ್ಟೇಜಿನಿಂದ ಕರೆಂಟ್ ನಿಮ್ಮ ಕೇಬಲ್ಲಿನಲ್ಲೇ ಹರಿಯುತ್ತದೆ.

ಬೆಳಕಿನಲ್ಲಿ ಡೇಟಾ ಸಾಗಿಸುವ, ಲೋಹದ ತಂತಿಯಿಲ್ಲದ ಫೈಬರ್ ಕೇಬಲ್ಲಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಆದರೆ ರೇಡಿಯೋಗೆ ಕರೆಂಟ್ ಬೇಕಲ್ಲ! ಆ ವೈರಿಗೆ ಮತ್ತೆ ಪ್ರೊಟೆಕ್ಟರ್.

ಕಂಬ ದೂರದಲ್ಲಿದ್ದು, ಬುಡದಲ್ಲೇ ಸೋಲಾರ್ ಇದ್ದರೆ ಮನೆಯಿಂದ ಕರೆಂಟ್ ವೈರ್ ಎಳೆಯಬೇಕಿಲ್ಲ, ಅಲ್ಲಿಗೆ ನಾನು ಫೈಬರ್ ಅಂತೀನಿ. ಮನೆ ತಾರಸಿಗಾದರೆ ಮೊದಲನೆಯದೇ ಸಾಕು. ನೇರವಾಗಿ ಸಿಡಿಲು ಬಡಿದರೆ ಇವೆರಡರಲ್ಲಿ ಯಾವುದೂ ರೇಡಿಯೋವನ್ನು ಉಳಿಸುವುದಿಲ್ಲ.